ಊರಿನ ವಾಟ್ಸಾಪ್ ಗ್ರೂಪು ಮತ್ತು ಊರಿನ ನಂಟು: ಪದೇ ಪದೇ ಕೇಳುವ ಪ್ರಶ್ನೆಗಳು

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಕರ್ನಾಟಕದ ಹಳ್ಳಿ ಹಳ್ಳಿಯಲ್ಲೂ 'ನಮ್ಮೂರು' ಎಂಬ ಹೆಸರಿನ ಒಂದಾದರೂ ಗ್ರೂಪು ಹುಟ್ಟಿಕೊಂಡಿತು. ಊರಲ್ಲೇ ಉಳಿದವರು, ಬೆಂಗಳೂರು ಸೇರಿದವರು, ಮುಂಬೈ ಹೋಟೆಲಿನಲ್ಲಿರುವವರು, ದುಬೈಯಲ್ಲಿ ದುಡಿಯುವವರು ಒಂದೇ ಕಡೆ ಸೇರಿದರು. ಇಂಥ ಗ್ರೂಪು ನಡೆಸುವವರೂ, ಅದರಿಂದ ಬೇಸತ್ತವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಗ್ರೂಪು ಬಂದ ಮೇಲೆ ಊರಿನ ನಂಟು ಹೆಚ್ಚಿತೇ, ಕಡಿಮೆಯಾಯಿತೇ?

ಹೊರಗೆ ಹೋದವರಿಗೆ ಹೆಚ್ಚಿತು. ಊರಲ್ಲೇ ಇರುವವರಿಗೆ ಹಲವು ಕಡೆ ಕಡಿಮೆಯಾಯಿತು.

ಹಿಂದೆ ಸುದ್ದಿ ಒಬ್ಬ ಮನುಷ್ಯನ ಜೊತೆಗೇ ಬರುತ್ತಿತ್ತು. ಡೇರಿಗೆ ಹಾಲು ಹಾಕಲು ಹೋದಾಗ, ಸೊಸೈಟಿಯಲ್ಲಿ ಅಕ್ಕಿಗೆ ಸಾಲು ನಿಂತಾಗ, ಅರಳಿಕಟ್ಟೆಯಲ್ಲಿ ಕೂತಾಗ ಕಿವಿಗೆ ಬೀಳುತ್ತಿತ್ತು. ಹೇಳಿದವರು 'ಬಾ, ಹೋಗಿ ನೋಡ್ಕೊಂಡು ಬರೋಣ' ಎಂದು ಎಬ್ಬಿಸಿಕೊಂಡೂ ಹೋಗುತ್ತಿದ್ದರು. ಈಗ ಸುದ್ದಿ ಬರುತ್ತದೆ, ಎಬ್ಬಿಸುವವರು ಬರುವುದಿಲ್ಲ.

ಊರಿನ ಸುದ್ದಿ ಗೊತ್ತಿದ್ದ ಮಾತ್ರಕ್ಕೆ ಯಾರೂ ಊರಿನವರಾಗುವುದಿಲ್ಲ. ತೇರಿನ ದಿನ ಪಾನಕ ಹಂಚುವವರು ಯಾರು, ಮದುವೆಯಲ್ಲಿ ಬಡಿಸಲು ನಿಲ್ಲುವವರು ಯಾರು, ಕೆರೆ ಕಾಲುವೆ ಬಳಿಯಲು ಮನೆಗೊಬ್ಬರು ಬರಬೇಕೆಂದಾಗ ನಮ್ಮ ಮನೆಯಿಂದ ಹೋಗುವವರು ಯಾರು? ಇಂಥ ಹೊಣೆಯ ಪಟ್ಟಿಯಲ್ಲಿ ನಮ್ಮ ಹೆಸರಿದ್ದರೆ ಊರು ನಮ್ಮದು ಅನ್ನಿಸುತ್ತದೆ. ಹೊಣೆ ಹಂಚುವ ಗ್ರೂಪು ನಂಟನ್ನು ಬೆಳೆಸುತ್ತದೆ. ಬರೀ ಸುದ್ದಿ ಹಂಚುವ ಗ್ರೂಪಿನಲ್ಲಿ ಅದು ಸವೆಯುತ್ತದೆ. ಕೆಳಗಿನ ಸಲಹೆಗಳನ್ನೆಲ್ಲ ಈ ಅಳತೆಗೋಲಿನಿಂದಲೇ ಕೊಟ್ಟಿದ್ದೇವೆ.

ಸಾವಿನ ಸುದ್ದಿ ಹಾಕಿದರೆ ನೂರು ಜನ 'ಓಂ ಶಾಂತಿ' ಹಾಕುತ್ತಾರೆ, ಮನೆಗೆ ಬರುವವರು ಹತ್ತು ಜನ. ಯಾಕೆ ಹೀಗೆ?

ಎರಡು ಕಾರಣ. 'ಓಂ ಶಾಂತಿ' ಒತ್ತಿದ ಕೂಡಲೇ ನನ್ನ ಪಾಲಿನದು ಮುಗಿಯಿತು ಎಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಇಷ್ಟು ಜನರಿಗೆ ಗೊತ್ತಾಗಿದೆ, ಯಾರಾದರೂ ಹೋಗಿಯೇ ಇರುತ್ತಾರೆ ಎಂಬ ಲೆಕ್ಕವೂ ಜೊತೆಗಿರುತ್ತದೆ. ಎಲ್ಲರೂ ಅದೇ ಲೆಕ್ಕ ಹಾಕಿದಾಗ ಅಂಗಳ ಖಾಲಿ ಉಳಿಯುತ್ತದೆ.

ಇದನ್ನು ಸರಿಪಡಿಸಬಹುದು. ಮೊದಲು ಹತ್ತಿರದ ನೆಂಟರಿಗೆಲ್ಲ ಫೋನು ಹೋಗಿದೆಯೇ ಎಂದು ಮನೆಯವರನ್ನು ಕೇಳಿ. ದುಬೈಯಲ್ಲಿರುವ ಮಗಳಿಗೆ ತಂದೆ ತೀರಿಕೊಂಡದ್ದು ಗ್ರೂಪಿನಿಂದ ತಿಳಿಯಬಾರದು. ಮನೆಯವರ ಒಪ್ಪಿಗೆ ಸಿಕ್ಕ ಮೇಲೆ ಒಬ್ಬರೇ ಒಂದೇ ಸಂದೇಶ ಹಾಕಲಿ. ಹೆಸರು, ಯಾವ ಬೀದಿ, ಯಾರ ಮನೆ, ತೀರಿಕೊಂಡ ಹೊತ್ತು, ಮಣ್ಣು ಎಲ್ಲಿ ಮತ್ತು ಎಷ್ಟು ಗಂಟೆಗೆ, ವಿಚಾರಿಸಲು ಒಂದು ಫೋನ್ ನಂಬರು ಅದರಲ್ಲಿರಲಿ. ಆ ನಂಬರು ದುಃಖದಲ್ಲಿರುವ ಮನೆಯವರದಾಗದೆ ಪಕ್ಕದ ಮನೆಯವರದಾಗಲಿ. ಕೊನೆಯ ಸಾಲಿನಲ್ಲಿ ಬೇಕಾದದ್ದನ್ನು ಎಣಿಸಿ ಬರೆಯಿರಿ: ಕುರ್ಚಿ 50, ಬಸ್ ಸ್ಟ್ಯಾಂಡಿನಿಂದ ಕರೆತರಲು ಎರಡು ಬೈಕು, ಸಂಜೆ 30 ಜನಕ್ಕೆ ಊಟ. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಊಟ ಅಕ್ಕಪಕ್ಕದಿಂದಲೇ ಬರಬೇಕು.

ಸಂದೇಶ ಹಾಕಿದ ಕೂಡಲೇ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗ್ರೂಪನ್ನು ಮುಚ್ಚಿ, ಮಣ್ಣಾದ ಮೇಲೆ ತೆರೆಯಿರಿ. 'ಓಂ ಶಾಂತಿ' ಹಾಕಲು ಜಾಗವಿಲ್ಲದಿದ್ದರೆ ಜನ ಫೋನು ಮಾಡುತ್ತಾರೆ, ಇಲ್ಲವೇ ನಡೆದು ಬರುತ್ತಾರೆ. ಆಯಾ ಸಮುದಾಯದ ರೂಢಿಯಂತೆ ಮೂರನೆಯ ದಿನವೋ ಹನ್ನೊಂದನೆಯ ದಿನವೋ ಇನ್ನೊಂದು ಸಂದೇಶ ಹೋಗಲಿ. ಮೊದಲ ದಿನ ಬರಲಾಗದವರಿಗೆ ಅದು ಎರಡನೆಯ ಕರೆ. ಶವದ ಫೋಟೋ ಬೇಡವೇ ಬೇಡ.

ಗ್ರೂಪಿನಲ್ಲಿ ಎಷ್ಟು ಜನ ಇರಬೇಕು?

ವಾಟ್ಸಾಪಿನ ಮಿತಿ ಬೆಳೆಯುತ್ತಲೇ ಬಂದಿದೆ. 2014ರಲ್ಲಿ 100 ಇತ್ತು, 2016ರಲ್ಲಿ 256 ಆಯಿತು, 2022ರಲ್ಲಿ ಮೊದಲು 512, ಅದೇ ವರ್ಷ 1024. ಮಿತಿ ಬೆಳೆಯಿತೆಂದು ಮನುಷ್ಯನ ನೆನಪು ಬೆಳೆಯಲಿಲ್ಲ. ಒಬ್ಬ ಮನುಷ್ಯ ಹೆಸರು, ಮುಖ, ಸಂಬಂಧ ನೆನಪಿಟ್ಟು ನಡೆಸಬಲ್ಲ ಬಳಕೆ ಸುಮಾರು 150 ಜನರದು ಎಂದು ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ವಾದಿಸಿದರು. ಆ ಅಂಕಿಯ ಬಗ್ಗೆ ತಕರಾರುಗಳಿವೆ. ಆದರೂ 400 ಜನರ ಗ್ರೂಪಿನಲ್ಲಿ ಮಾತಾಡುವವರು ಇಪ್ಪತ್ತು ಮೂವತ್ತೇ ಜನ, ಉಳಿದವರು ಓದಿ ಸುಮ್ಮನಾಗುವವರು ಎಂಬುದನ್ನು ಗ್ರೂಪು ನಡೆಸಿದವರೆಲ್ಲ ಬಲ್ಲರು.

ಆದ್ದರಿಂದ ಎರಡು ಹಂತ ಮಾಡಿ. ಇಡೀ ಊರಿಗೆ ಒಂದು ಪ್ರಕಟಣೆ ಗ್ರೂಪು, ಅಲ್ಲಿ ಬರೆಯುವವರು ಅಡ್ಮಿನ್‌ಗಳು ಮಾತ್ರ. ಕೆಲಸಕ್ಕೊಂದರಂತೆ 8ರಿಂದ 12 ಜನರ ಚಿಕ್ಕ ಗ್ರೂಪುಗಳು: ಜಾತ್ರೆ, ಕುಡಿಯುವ ನೀರು, ಶಾಲೆ. ಕೆಲಸ ಮುಗಿದ ಮೇಲೆ ಚಿಕ್ಕ ಗ್ರೂಪನ್ನು ಅಳಿಸಿಬಿಡಿ. ಮುಗಿದ ಜಾತ್ರೆಯ ಗ್ರೂಪು ಉಳಿದರೆ ಮುಂದಿನ ವರ್ಷ ಅದೇ ಒಂದು ಪಂಗಡವಾಗಿರುತ್ತದೆ.

ಶುರುವಿನಲ್ಲೇ ಯಾವ ಸೆಟ್ಟಿಂಗ್ ಸರಿ ಮಾಡಬೇಕು?

ಗ್ರೂಪಿನ ಹೆಸರು ಒತ್ತಿ, ಒಳಗೆ 'ಗ್ರೂಪ್ ಪರ್ಮಿಷನ್ಸ್' ತೆರೆಯಿರಿ. ಹೊಸಬರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಹೆಸರು, ಚಿತ್ರ ಬದಲಿಸುವುದೂ ಅವರಿಗೇ ಇರಲಿ. ಸೇರುವ ಲಿಂಕ್ ಹಂಚುವುದಾದರೆ 'ಅಪ್ರೂವ್' ಆಯ್ಕೆ ಹಾಕಿ. ಇಲ್ಲದಿದ್ದರೆ ಸಾಲ ಕೊಡುವ ಆ್ಯಪಿನವರು, ಷೇರು ಟಿಪ್ಸ್ ಮಾರುವವರು ವಾರದೊಳಗೆ ಒಳಗಿರುತ್ತಾರೆ.

ಅಡ್ಮಿನ್ ಕನಿಷ್ಠ ನಾಲ್ವರು ಬೇಕು. ಊರಲ್ಲೇ ಇರುವ ಇಬ್ಬರು (ಅವರು ಬೇರೆ ಬೇರೆ ಕೇರಿಯವರಾಗಿರಲಿ), ಒಬ್ಬ ಹೆಣ್ಣುಮಗಳು, ಹೊರಗಿರುವ ಒಬ್ಬರು. ಒಬ್ಬನೇ ಅಡ್ಮಿನ್ ಇದ್ದರೆ ಗ್ರೂಪು ಅವನ ಮನೆಯ ಜಗಲಿಯಾಗುತ್ತದೆ. ಪಂಚಾಯಿತಿ ಚುನಾವಣೆಗೆ ಅಡ್ಮಿನ್ ನಿಂತರೆ ಫಲಿತಾಂಶ ಬರುವ ತನಕ ಆ ಸ್ಥಾನ ಬಿಡಬೇಕು ಎಂಬ ಮಾತು ಮೊದಲ ದಿನವೇ ಆಗಲಿ. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

'ಊರಿನವರು' ಎಂದರೆ ಯಾರು? ಎಲ್ಲರೂ ಇದ್ದಾರಲ್ಲ?

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬಹುತೇಕ ಗ್ರೂಪುಗಳು ಸೋಲುವುದು ಇಲ್ಲಿಯೇ, ಸೋತದ್ದು ಗೊತ್ತೂ ಆಗುವುದಿಲ್ಲ.

ಗ್ರೂಪು ಕಟ್ಟುವವರು ತಮ್ಮ ಫೋನಿನಲ್ಲಿರುವ ನಂಬರುಗಳನ್ನು ಸೇರಿಸುತ್ತಾರೆ. ಫೋನಿನಲ್ಲಿರುವುದು ತಮ್ಮ ಓರಗೆಯವರು, ತಮ್ಮ ಜಾತಿಯವರು, ತಮ್ಮ ಬೀದಿಯವರು. ಅವರು ತಮ್ಮವರನ್ನು ಸೇರಿಸುತ್ತಾರೆ. ಮುನ್ನೂರು ಜನ ಆದಾಗ 'ಇಡೀ ಊರೇ ಇದೆ' ಅನ್ನಿಸುತ್ತದೆ, ಆದರೆ ದಲಿತ ಕೇರಿಯಿಂದ ನಾಲ್ಕೇ ನಂಬರು ಇರುತ್ತವೆ. ಹಿಂದೆ ಊರಿನೊಳಗಿನ ಗೆರೆ ಕಣ್ಣಿಗೆ ಕಾಣುತ್ತಿತ್ತು, ಅದನ್ನು ಪ್ರಶ್ನಿಸಬಹುದಿತ್ತು. ಪರದೆಯ ಮೇಲೆ ಇಲ್ಲದವರು ಇಲ್ಲವೆಂಬುದೇ ಕಾಣುವುದಿಲ್ಲ. ನೀರು ಬಿಡುವ ಹೊತ್ತು ಬದಲಾದದ್ದು, ಗ್ರಾಮಸಭೆಯ ದಿನ ಗ್ರೂಪಿನಲ್ಲಿ ಮಾತ್ರ ತಿಳಿಸಿದ್ದರೆ ಅವರ ಪಾಲಿಗೆ ಆ ಸುದ್ದಿ ಹೊರಡಲೇ ಇಲ್ಲ.

ಎರಡನೆಯದು ಹೆಣ್ಣುಮಕ್ಕಳು. ಮನೆಗೊಂದು ನಂಬರು ಎಂದರೆ ಅದು ಗಂಡಸರದೇ ಆಗಿರುತ್ತದೆ. ಮದುವೆಯಾಗಿ ಬಂದ ಸೊಸೆಗೆ ಗಂಡನ ಊರಿನ ಗ್ರೂಪಿಲ್ಲ. ಮದುವೆಯಾಗಿ ಹೋದ ಮಗಳನ್ನು ತವರಿನ ಗ್ರೂಪಿಗೆ ಯಾರೂ ಸೇರಿಸಲಿಲ್ಲ. ತವರಿನ ಮೇಲೆ ಅವರಿಗಿರುವಷ್ಟು ಹಂಬಲ ಬೇರೆ ಯಾರಿಗಿದೆ? ತವರೂರಿನ ಹೆಣ್ಣುಮಕ್ಕಳನ್ನು ಸೇರಿಸಿಕೊಂಡ ಗ್ರೂಪುಗಳಲ್ಲಿ ಮಾತಿನ ಹದವೇ ಬದಲಾಗುತ್ತದೆ. ಮೂರನೆಯದು ಬಾಡಿಗೆಗಿರುವ ಮೇಷ್ಟರು, ತೋಟದಲ್ಲಿ ದುಡಿಯಲು ಬೇರೆ ಜಿಲ್ಲೆಯಿಂದ ಬಂದ ಕುಟುಂಬಗಳು, ಅಂಗಡಿಯವರು.

ಮಾಡಬೇಕಾದ ಕ್ರಮ ಹೀಗೆ. ಫೋನು ಪಕ್ಕಕ್ಕಿಟ್ಟು ಒಂದು ನೋಟ್ ಪುಸ್ತಕ ಹಿಡಿಯಿರಿ. ಬೀದಿ ಬೀದಿ ನಡೆದು ಮನೆಗಳನ್ನು ಬರೆದುಕೊಳ್ಳಿ. ಪ್ರತಿ ಮನೆಯಲ್ಲಿ ಎರಡು ನಂಬರು ಕೇಳಿ, ಒಂದು ಹೆಣ್ಣುಮಕ್ಕಳದು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಸ್ವಸಹಾಯ ಸಂಘದ ಪ್ರತಿನಿಧಿ ಜೊತೆಗಿದ್ದರೆ ಬಾಗಿಲು ಬೇಗ ತೆರೆಯುತ್ತದೆ. ಸೇರಿಸುವ ಮುಂಚೆ ಒಪ್ಪಿಗೆ ಕೇಳಿ. ಗ್ರೂಪಿನಲ್ಲಿ ನಂಬರು ಎಲ್ಲರಿಗೂ ಕಾಣುತ್ತದೆ, ಅಪರಿಚಿತರು ಖಾಸಗಿಯಾಗಿ ಸಂದೇಶ ಕಳಿಸಬಹುದು ಎಂಬುದನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಿ. ಹಾಗೆ ಕಳಿಸಿದವನನ್ನು ಎಚ್ಚರಿಕೆಯಿಲ್ಲದೆ ಅದೇ ದಿನ ತೆಗೆಯುತ್ತೇವೆ ಎಂಬ ನಿಯಮ ಗ್ರೂಪಿನ ವಿವರಣೆಯಲ್ಲೇ ಇರಲಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳನ್ನು ಪುಸ್ತಕದಲ್ಲಿ ಗುರುತು ಮಾಡಿ, ಆ ಮನೆಗಳಿಗೆ ಸುದ್ದಿ ಮುಟ್ಟಿಸಲು ಬೀದಿಗೊಬ್ಬರನ್ನು ಗೊತ್ತುಮಾಡಿ. ಹತ್ತು ಮನೆಗೆ ಒಬ್ಬರು ಸಾಕು.

ಓದಲು ಬಾರದ ಹಿರಿಯರಿಗೆ?

ಧ್ವನಿ ಸಂದೇಶ, ಒಂದು ನಿಮಿಷದೊಳಗೆ. ಮೊದಲು ಯಾರು ಮಾತಾಡುತ್ತಿದ್ದೀರೆಂದು ಹೇಳಿ, ಆಮೇಲೆ ವಿಷಯ, ಕೊನೆಗೆ ದಿನ ಮತ್ತು ಹೊತ್ತನ್ನು ಎರಡು ಸಲ ಹೇಳಿ. ಬರೆಯುವುದಾದರೆ ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ನಾಲ್ಕನೇ ಕ್ಲಾಸು ಓದಿದ ಅಜ್ಜಿ ಓದಲಾರಳು, ಕನ್ನಡ ಅಕ್ಷರವನ್ನು ಓದಬಲ್ಲಳು. ಟೈಪು ಕಷ್ಟವಾದರೆ ಗೂಗಲ್ ಕೀಬೋರ್ಡಿಗೆ ಕನ್ನಡ ಸೇರಿಸಿ ಮೈಕ್ ಗುರುತು ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ಕಳಿಸುವ ಮುಂಚೆ ಅಂಕಿ ಮತ್ತು ಹೆಸರು ಸರಿಯಿವೆಯೇ ನೋಡಿ, ತಪ್ಪಾಗುವುದು ಅಲ್ಲೇ.

ಗುಡ್ ಮಾರ್ನಿಂಗ್ ಚಿತ್ರಗಳನ್ನು ನಿಲ್ಲಿಸುವುದು ಹೇಗೆ?

ಲೆಕ್ಕ ತೋರಿಸಿ. ದಿನಕ್ಕೆ 20 ಚಿತ್ರ, ಒಂದೊಂದು 200 ಕೆಬಿ ಎಂದರೆ ದಿನಕ್ಕೆ 4 ಎಂಬಿ, ತಿಂಗಳಿಗೆ 120 ಎಂಬಿ. ವೀಡಿಯೋ ಸೇರಿದರೆ ಕಡಿಮೆ ಬೆಲೆಯ ಫೋನು ತುಂಬಿ ನಿಧಾನವಾಗುತ್ತದೆ. ಕೊನೆಗೆ ಜನ ಗ್ರೂಪನ್ನು ಮ್ಯೂಟ್ ಮಾಡುತ್ತಾರೆ, ಮ್ಯೂಟ್ ಆದ ಗ್ರೂಪಿನಲ್ಲಿ ನೀರಿನ ಸುದ್ದಿಯೂ ಕಾಣುವುದಿಲ್ಲ. ಹಿರಿಯರನ್ನು ಗದರಬೇಡಿ. ಎಷ್ಟೋ ಒಂಟಿ ಹಿರಿಯರಿಗೆ ಆ ಚಿತ್ರ 'ನಾನು ಇನ್ನೂ ಇದ್ದೇನೆ' ಎಂದು ಹೇಳುವ ದಾರಿ. ಹರಟೆಗೆ ಬೇರೆ ಗ್ರೂಪು ಮಾಡಿ ಅಲ್ಲಿಗೆ ಪ್ರೀತಿಯಿಂದ ಕರೆಯಿರಿ. ಒಂದು ವಾರ ಚಿತ್ರ ಬರದಿದ್ದರೆ ಮನೆಗೆ ಹೋಗಿ ನೋಡಿ.

ವದಂತಿ ಬಂದರೆ ಅಡ್ಮಿನ್ ಏನು ಮಾಡಬೇಕು?

2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ಪ್ರತಿ ಅಡ್ಮಿನ್ ತಿಳಿದಿರಬೇಕು. ಹೈದರಾಬಾದಿನಿಂದ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆಗ ರಾಜ್ಯದ ತುಂಬ ಹರಿದಾಡುತ್ತಿತ್ತು. ಅವರ ವೀಡಿಯೋ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ದಾರಿಗೆ ಅಡ್ಡ ಹಾಕಿ ಹೊಡೆದರು, ಒಬ್ಬ ಯುವ ಎಂಜಿನಿಯರ್ ಸತ್ತ. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ಆ ಗ್ರೂಪುಗಳಲ್ಲಿದ್ದವರು ಒಬ್ಬರನ್ನೊಬ್ಬರು ಬಲ್ಲ ಊರವರೇ. ನಮ್ಮವನೇ ಕಳಿಸಿದ್ದಾನೆ ಎಂಬ ಭರವಸೆಯಿಂದಲೇ ಸುಳ್ಳು ಅಷ್ಟು ಬೇಗ ನಿಜವಾಯಿತು. ಊರಿನ ನಂಟು ಹೊರಗಿನವನ ಮೇಲಿನ ಭಯವಾಗಿ ತಿರುಗುವುದು ಹೀಗೆ. ವಾಟ್ಸಾಪ್ ಊರೂರಿಗೆ ಹಬ್ಬುವ ಮುಂಚೆಯೇ, 2012ರ ಆಗಸ್ಟಿನಲ್ಲಿ, ಹೆಚ್ಚಾಗಿ ಎಸ್‌ಎಂಎಸ್ ಮತ್ತು ಬಾಯಿಮಾತಿನ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದರು.

2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಒಮ್ಮೆಗೆ ಐದು ಚಾಟ್‌ಗೆ ಮಿತಿಗೊಳಿಸಿತು. 2020ರ ಏಪ್ರಿಲಿನಿಂದ, ಹಲವು ಕೈ ದಾಟಿ ಬಂದ, ಎರಡು ಬಾಣದ ಗುರುತಿರುವ ಸಂದೇಶ ಒಮ್ಮೆಗೆ ಒಂದೇ ಚಾಟ್‌ಗೆ ಹೋಗುತ್ತದೆ. ಆದರೆ ನಕಲು ಮಾಡಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಆ ಗುರುತು ಹೋಗುತ್ತದೆ. ಬಾಣವಿಲ್ಲ ಎಂದ ಮಾತ್ರಕ್ಕೆ ಸ್ವಂತ ಸುದ್ದಿ ಎಂದುಕೊಳ್ಳಬೇಡಿ.

ವದಂತಿ ಕಂಡ ಕೂಡಲೇ ಗ್ರೂಪನ್ನು ಮುಚ್ಚಿ. ಸಂದೇಶವನ್ನು ಒತ್ತಿ ಹಿಡಿದು ಎಲ್ಲರಿಗೂ ಅಳಿಸಿ. 2022ರಿಂದ ಬೇರೆಯವರ ಸಂದೇಶ ಅಳಿಸುವ ಅಧಿಕಾರ ಅಡ್ಮಿನ್‌ಗಿದೆ. ಅಳಿಸುವ ಮುಂಚೆ ಕಳಿಸಿದವರ ಹೆಸರು, ಹೊತ್ತು ಕಾಣುವಂತೆ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಪಾಯವಿದ್ದರೆ 112ಕ್ಕೆ ಫೋನು ಮಾಡಿ. ಮಗು ನಿಜವಾಗಿ ಕಾಣೆಯಾಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಕಳಿಸಿದವನಿಗೆ ಕರೆ ಮಾಡಿ ಎರಡೇ ಪ್ರಶ್ನೆ ಕೇಳಿ: ಇದನ್ನು ಕಣ್ಣಾರೆ ಕಂಡವರು ಯಾರು, ಅವರ ನಂಬರು ಏನು? ಎರಡನೆಯದಕ್ಕೆ ಉತ್ತರ ಸಿಗುವುದು ತೀರಾ ಅಪರೂಪ. ಆಮೇಲೆ ಗ್ರೂಪಿನಲ್ಲಿ 'ಇದು ಖಚಿತವಾಗಿಲ್ಲ, ಯಾರೂ ಮುಂದಕ್ಕೆ ಕಳಿಸಬೇಡಿ' ಎಂದು ಬರೆಯಿರಿ. ಸುಳ್ಳನ್ನು ಪೂರ್ತಿಯಾಗಿ ಮತ್ತೆ ಬರೆದು ಅಲ್ಲಗಳೆಯಬೇಡಿ. ನೋಡದಿದ್ದವರಿಗೂ ಅದು ತಲುಪುತ್ತದೆ.

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೇ?

ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಬೇರೆಯವರ ಸಂದೇಶಕ್ಕೆ ಹೊಣೆಯಿಲ್ಲ ಎಂದು 2022ರ ಫೆಬ್ರುವರಿಯಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಇದೇ ದಿಕ್ಕಿನ ತೀರ್ಪು ಕೊಟ್ಟಿತ್ತು. ಆದರೆ ಮೊದಲೇ ಕೂಡಿ ಮಾಡಿದ್ದರೆ ಅಥವಾ ತಾನೇ ಹಾಕಿದ್ದರೆ ರಕ್ಷಣೆಯಿಲ್ಲ. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 196ರಡಿ, ಗಲಭೆಗೆ ದಾರಿಯಾಗುವ ಸುಳ್ಳು ಸುದ್ದಿ ಹಬ್ಬಿಸುವುದು ಕಲಂ 353ರಡಿ ಅಪರಾಧ. ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಠಾಣೆಗೆ ಅಲೆಯುವುದು ಬೇರೆ. ಆಕ್ಷೇಪಾರ್ಹ ಸಂದೇಶವನ್ನು ಬೇಗ ಅಳಿಸಿದ ದಾಖಲೆ ನಿಮ್ಮ ಬಳಿ ಇರಲಿ.

ಜಾತ್ರೆಗೆ ಗ್ರೂಪಿನಲ್ಲಿ ಚಂದಾ ಎತ್ತಬಹುದೇ?

ಎತ್ತಬಹುದು, ಎಚ್ಚರದಿಂದ. ಹಣ ಯಾರೊಬ್ಬರ ಸ್ವಂತ ಯುಪಿಐಗೆ ಹೋಗದೆ ಸಮಿತಿಯ ಹೆಸರಿನ, ಇಬ್ಬರ ಸಹಿ ಬೇಕಾದ ಬ್ಯಾಂಕ್ ಖಾತೆಗೆ ಹೋಗಲಿ. ಕ್ಯೂಆರ್ ಕೋಡ್ ಹಾಕಿದರೆ ಸ್ಕ್ಯಾನ್ ಮಾಡಿದಾಗ ಕಾಣಬೇಕಾದ ಖಾತೆಯ ಹೆಸರನ್ನೂ ಬರೆಯಿರಿ. ಬೇರೆ ಹೆಸರು ಕಂಡರೆ ಯಾರೋ ಕೋಡ್ ಬದಲಿಸಿದ್ದಾರೆ ಎಂದರ್ಥ. ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಜಾತ್ರೆ ಮುಗಿದ 15 ದಿನದೊಳಗೆ ಜಮಾ, ಖರ್ಚು, ಬಿಲ್ಲಿನ ಫೋಟೋ ಗ್ರೂಪಿನಲ್ಲೂ ದೇವಸ್ಥಾನದ ಗೋಡೆಯ ಮೇಲೂ ಬರಲಿ.

ಕೊಟ್ಟವರ ಪಟ್ಟಿಯನ್ನು ದಿನವೂ ಗ್ರೂಪಿನಲ್ಲಿ ಹಾಕುವುದನ್ನು ನಾವು ಒಪ್ಪುವುದಿಲ್ಲ. ಐವತ್ತು ಸಾವಿರ ಕೊಟ್ಟ ಹೊರಗಿನವನ ಹೆಸರು ಮೇಲೆ, ಇನ್ನೂರು ಕೊಟ್ಟವನದು ಕೆಳಗೆ, ಮೂರು ರಾತ್ರಿ ನಿದ್ದೆಗೆಟ್ಟು ಚಪ್ಪರ ಹಾಕಿದವನದು ಎಲ್ಲೂ ಇಲ್ಲ. ಇಷ್ಟು ಸಾಕು, ಊರು ದುಡ್ಡಿದ್ದವರದು ಅನ್ನಿಸಲು. ಕೊನೆಯಲ್ಲಿ ಒಂದೇ ಪಟ್ಟಿ ಹಾಕಿ, ಹೆಸರುಗಳು ಅಕಾರಾದಿಯಾಗಿರಲಿ. ಹಣ ಕೊಟ್ಟವರು, ಅಡುಗೆಗೆ ನಿಂತವರು, ಪಾತ್ರೆ ತೊಳೆದವರು, ತೇರಿನ ಬೀದಿ ಗುಡಿಸಿದವರು ಎಲ್ಲರೂ ಅದರಲ್ಲಿರಲಿ.

ಲೈಕ್ ಹಾಕುವವರು ಕೆಲಸಕ್ಕೆ ಬರುವುದಿಲ್ಲ. ಕರೆಸುವುದು ಹೇಗೆ?

ದೂರದ ಪರಿಚಯಗಳು ಹೊಸ ಸುದ್ದಿ, ಕೆಲಸದ ಸುಳಿವು ತರುವುದರಲ್ಲಿ ಗಟ್ಟಿ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿಕೊಟ್ಟರು. ಗ್ರೂಪು ಅದಕ್ಕೆ ಹೇಳಿ ಮಾಡಿಸಿದ್ದು. ಗುದ್ದಲಿ ಹಿಡಿದು ಬರುವವರು ಮಾತ್ರ ಹತ್ತಿರದ ನಂಟಿನವರು, ಅವರನ್ನು ಹೆಸರು ಹಿಡಿದು ಕರೆಯಬೇಕು.

2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಯೋಜನೆ ವಿರೋಧಿಸಿ ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. 'ಬೇಡ' ಎಂಬ ಹ್ಯಾಷ್‌ಟ್ಯಾಗ್ ಎಲ್ಲೆಡೆ ಓಡಿತ್ತು ನಿಜ. ಅದರ ಹಿಂದೆ ಮೊದಲೇ ಒಟ್ಟಾಗಿ ಕೆಲಸ ಮಾಡಿದ್ದ ನಿವಾಸಿಗಳ ಸಂಘಗಳು, ನಾಗರಿಕ ಸಂಘಟನೆಗಳು ಇದ್ದವು. ಜನರಿಂದ ಕೇಳಿದ್ದೂ ಒಂದೇ: ಇಂಥ ದಿನ, ಇಂಥ ರಸ್ತೆಯಲ್ಲಿ ಬಂದು ನಿಲ್ಲಿ.

ನಿಮ್ಮ ಊರಿನಲ್ಲೂ ಹಾಗೆಯೇ ಮಾಡಿ. 'ಕಲ್ಯಾಣಿ ಸ್ವಚ್ಛ ಮಾಡೋಣ, ಎಲ್ಲರೂ ಬನ್ನಿ' ಎಂದರೆ ಯಾರೂ ಬರುವುದಿಲ್ಲ. 'ಭಾನುವಾರ ಬೆಳಿಗ್ಗೆ 7ರಿಂದ 10, ಬೇಕಾದವರು 15, ಗುದ್ದಲಿ 6, ಬುಟ್ಟಿ 10' ಎಂದು ಪೋಲ್ ಹಾಕಿ. ಬರುತ್ತೇನೆ ಎಂದವರಿಗೆ ಶನಿವಾರ ಸಂಜೆ ಫೋನು ಮಾಡಿ. ಈ ಫೋನು ತಪ್ಪಿದರೆ ಅರ್ಧ ಜನ ತಪ್ಪುತ್ತಾರೆ.

ಜಗಳವಾಗಿ ಗ್ರೂಪು ಬಿಟ್ಟವರನ್ನು ಏನು ಮಾಡಬೇಕು?

2022ರಿಂದ ಯಾರಾದರೂ ಗ್ರೂಪು ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಒಂದು ದಿನದೊಳಗೆ ಒಬ್ಬರು ಅವರ ಮನೆಗೆ ಹೋಗಲಿ, ಬಾಯಿ ಬಿಟ್ಟು ವಿಚಾರಿಸಲಿ. ಕೇಳದೆ ಮತ್ತೆ ಸೇರಿಸಬೇಡಿ, ಅದು ಅವಮಾನದ ಮೇಲೆ ಅವಮಾನ. ಬರಹದಲ್ಲಿ ದನಿ ಇರುವುದಿಲ್ಲ. 'ಆಯ್ತು ಬಿಡಪ್ಪ' ಎಂಬುದನ್ನು ನಗುತ್ತಾ ಬರೆದಿದ್ದರೂ ಓದುವವರಿಗೆ ಹಂಗಿಸಿದಂತೆ ಕೇಳಬಹುದು. ಮೂರು ಬಿರುಸಾದ ಸಂದೇಶ ಕಂಡರೆ ಗ್ರೂಪು ಮುಚ್ಚಿ, ಇಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿ, ಮರುದಿನ ಕಟ್ಟೆಯಲ್ಲಿ ಕೂರಿಸಿ. ಜಮೀನು, ಬೇಲಿ, ದಾರಿಯ ತಕರಾರು ಗ್ರೂಪಿನಲ್ಲಿ ಮಾತಾಡಲೇಬೇಡಿ. ಅಲ್ಲಿ ಬರೆದದ್ದು ನಾಳೆ ಕೋರ್ಟಿನ ಕಾಗದವಾಗಬಹುದು.

ಹೊರಗಿರುವವರು ಏನು ಮಾಡಬಹುದು?

ಭಾರತದ ರಾತ್ರಿ 8:30 ಒಳ್ಳೆಯ ಹೊತ್ತು: ದುಬೈಯಲ್ಲಿ ಸಂಜೆ 7, ಬೇಸಿಗೆಯಲ್ಲಾದರೆ ಲಂಡನ್ನಿನಲ್ಲಿ ಸಂಜೆ 4, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8. ಯುಎಇಯಲ್ಲಿ ವಾಟ್ಸಾಪ್ ಕರೆಗೆ ಬಹುಕಾಲದಿಂದ ತಡೆಯಿದೆ, ಸಭೆಗೆ ಜೂಮ್ ಅಥವಾ ಗೂಗಲ್ ಮೀಟ್ ಬಳಸಿ. ಹಣ ಕಳಿಸುವುದಕ್ಕಿಂತ ಸಮಯ ಕೊಡುವುದು ನಂಟಿಗೆ ಒಳ್ಳೆಯದು. ಪಿಯುಸಿ ಮಕ್ಕಳಿಗೆ ವಾರಕ್ಕೊಂದು ಗಂಟೆ ಪಾಠ, ಆಸ್ಪತ್ರೆಯ ವಿಚಾರದಲ್ಲಿ ಮಾಹಿತಿ, ಅರ್ಜಿ ತುಂಬಲು ನೆರವು. ಊರಿನ ತೀರ್ಮಾನ ಮಾತ್ರ ಊರಲ್ಲಿ ಬದುಕುವವರದೇ. ಬಾಲ್ಯದಲ್ಲಿ ಕಂಡ ಊರು ಹಾಗೇ ಇರಲಿ ಎಂದು ದೂರದಿಂದ ಹಟ ಹಿಡಿಯುವುದು ಅಲ್ಲಿರುವವರಿಗೆ ಹೊರೆ.

ಊರಿನ ಹೆಸರಲ್ಲಿ ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಮ್ ಬೇಕೇ?

ಜಾತ್ರೆಯನ್ನು ಹೊರಗಿನವರಿಗೆ ತೋರಿಸಲು ಆಗಬಹುದು, ಸುದ್ದಿ ಮುಟ್ಟಿಸಲು ಆಗದು. ಅಲ್ಲಿ ಯಾರಿಗೆ ಏನು ಕಾಣಬೇಕೆಂಬುದನ್ನು ಕಂಪನಿಯ ಲೆಕ್ಕಾಚಾರ ತೀರ್ಮಾನಿಸುತ್ತದೆ. ವಾದ ಎಬ್ಬಿಸುವ ಪೋಸ್ಟು ಮೇಲೆ ಬರುತ್ತದೆ, ನೀರಿನ ಪೈಪು ಒಡೆದದ್ದು ಕೆಳಗೆ ಹೋಗುತ್ತದೆ. ಮಕ್ಕಳ ಅಂಕಪಟ್ಟಿ, ಹೆಣ್ಣುಮಕ್ಕಳ ಫೋಟೋ ಒಪ್ಪಿಗೆಯಿಲ್ಲದೆ ಹಾಕಬೇಡಿ.

ಹಳೆಯ ಫೋಟೋಗಳು ಗ್ರೂಪಿನಲ್ಲೇ ಇವೆ. ಅಷ್ಟು ಸಾಕಲ್ಲವೇ?

ಸಾಲದು. 2004ರಲ್ಲಿ ಶುರುವಾದ ಆರ್ಕುಟ್ ಎಂಬ ಜಾಲತಾಣ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಅಲ್ಲಿ ನೆರೆದಿದ್ದ ಊರು, ಕಾಲೇಜುಗಳ ಕೂಟಗಳೂ ಹೋದವು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಆದ್ದರಿಂದ ಹಳೆಯ ಫೋಟೋಗಳನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ. ವರ್ಷಕ್ಕೊಮ್ಮೆ, ದೀಪಾವಳಿ ರಜೆಯಲ್ಲಿ, ಎರಡು ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದು ಶಾಲೆಯಲ್ಲಿ, ಒಂದು ಬೇರೆ ಊರಿನಲ್ಲಿರುವವರ ಮನೆಯಲ್ಲಿ ಇಡಿ. ಪ್ರತಿ ಫೋಟೋಗೆ ಎಡದಿಂದ ಬಲಕ್ಕೆ ಯಾರು ಯಾರೆಂದು, ಯಾವ ವರ್ಷವೆಂದು ಬರೆದಿಡಿ. ಗುರುತು ಹೇಳಬಲ್ಲ ಹಿರಿಯರಿಗೆ ಎಂಬತ್ತು ದಾಟಿದ್ದರೆ ದೀಪಾವಳಿಗೆ ಕಾಯಬೇಡಿ, ಈ ವಾರವೇ ಹೋಗಿ ಕೇಳಿ.